ಬೇವಿನೆಣ್ಣೆ ತಾಗದ ಕಿರೀಟ

ಚಾಮರಾಜಪೇಟೆ, ಬೆಂಗಳೂರು
೯ ಜುಲೈ ೨೦೨೩

ಖಾಕಿ ತೊಡಲು ಹೊರಟ ಮಗಳು ಪ್ರತಿಭಾಳಿಗೆ ಅಪ್ಪ ದೊಡ್ಡಬೈರಪ್ಪ ಎರಡೂ ಕೈ ಎತ್ತಿ ಹರಸಿ ಬರೆಯುವುದು:

ಗಂಟೆ ಹೊಡೆಯಿತು, ಪರದೆ ಎದ್ದಿತು ಎಂದು ತಿಳಿ! ರಂಗದ ಮೇಲೆ ಯಾರಿದ್ದಾರೆ? ಎರಡು ವರ್ಷ ಎಂಟು ತಿಂಗಳ ಪ್ರಾಯದ ಗಗನಾ ಮಹಾರಾಣಿಯವರು! ಏನು ಮಾಡುತ್ತಿದ್ದಾರೆ? ಗೇಟು ನೆಕ್ಕುತ್ತಿದ್ದಾರೆ!

ನಗಬೇಡ. ನೀನಿದ್ದಾಗಲೂ ಈ ಚಾಳಿ ಇತ್ತು, ಬಲ್ಲೆ. ಈಗ ಹತ್ತು ಪಟ್ಟಾಗಿದೆ. ನೀನು ಹೋದ ಮೂರು ದಿನ ಅತ್ತಳು. ನಾಲ್ಕನೆಯ ದಿನ ಅಳು ನಿಲ್ಲಿಸಿ ನಾಲಿಗೆ ಚಾಚಿದಳು, ಅಷ್ಟೇ. ಕಿಟಕಿಯ ಸರಳು, ಸ್ಟೀಲ್ ಲೋಟದ ತಳ, ನನ್ನ ಚಪ್ಪಲಿಯ ಪಟ್ಟಿ, ಮಹಡಿ ಮನೆಯ ವಾಣಿ ಮಿಸ್ಸಿನ ಸ್ಕೂಟರ್ ಕನ್ನಡಿ, ಗೋಡೆಯ ಮೇಲಿನ ಅಳಿಯ ಅನಿಲ್ ಕುಮಾರನ ಫೋಟೋದ ಗಾಜು, ಯಾವುದನ್ನೂ ಬಿಟ್ಟಿಲ್ಲ. ಮೊನ್ನೆ ಮೆಜೆಸ್ಟಿಕ್ಕಿನಿಂದ ಬಸ್ಸಿನಲ್ಲಿ ಬರುವಾಗ ಮುಂದಿನ ಸೀಟಿನ ಕಂಬಿಯನ್ನು ಜೋಳದ ತೆನೆಯ ಹಾಗೆ ಹಿಡಿದು ನೆಕ್ಕಿದಳು. ಕಂಡಕ್ಟರ್ "ಏನ್ ತಾತ, ಮನೇಲಿ ಊಟ ಹಾಕಲ್ವಾ ಮಗೀಗೆ?" ಅಂದನಂತೆ. ನನಗೆಲ್ಲಿ ಕೇಳಬೇಕು! ನಿನ್ನ ತಾಯಿ ಮನೆಗೆ ಬಂದ ಮೇಲೆ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು. ಅಷ್ಟರಲ್ಲಿ ಅವನ ಬಸ್ಸು ಹೋಗಿಯಾಗಿತ್ತು, ಬದುಕಿಕೊಂಡ.

ನಲವತ್ತು ವರ್ಷ ಮೈಕಿನ ಮುಂದೆ, ಹಾರ್ಮೋನಿಯಂ ಪಕ್ಕದಲ್ಲಿ ಅಬ್ಬರಿಸಿದವನ ಕಿವಿ ಇದು. ಫೋನಿನಲ್ಲಿ ನಿನ್ನ ದನಿ ನನ್ನ ಪಾಲಿಗೆ ಸೊಳ್ಳೆಯ ದನಿ. ಅದಕ್ಕೇ ಪತ್ರ. ನೀನೂ ಪತ್ರವನ್ನೇ ಬರೆಯತಕ್ಕದ್ದು.

ಮದ್ದು ಗೊತ್ತು ಮಾಡಿದ್ದೇನೆ. ನಾಳೆಯಿಂದ ಬೇವಿನೆಣ್ಣೆಯ ಪ್ರಯೋಗ! ಅವಳು ನೆಕ್ಕುವ ಒಂದೊಂದಕ್ಕೂ ಬಟ್ಟೆಯಲ್ಲಿ ಅದ್ದಿ ಒರೆಸುತ್ತೇನೆ. ಒಂದು ಸಲ ನಾಲಿಗೆಗೆ ತಾಗಲಿ, ಆಮೇಲೆ ಆ ವಸ್ತುವಿನ ತಂಟೆಗೆ ಹೋದರೆ ನನ್ನ ಹೆಸರು ದೊಡ್ಡಬೈರಪ್ಪನಲ್ಲ.

ನೀನು ಇತ್ತ ಲಕ್ಷ್ಯ ಕೊಡಬೇಡ. ಅನಿಲ್ ಕುಮಾರ್ ಡ್ಯೂಟಿಯ ಮೇಲೆ ಪ್ರಾಣ ಬಿಟ್ಟ ಜಾಗದಲ್ಲಿ ಸರ್ಕಾರ ನಿನ್ನನ್ನು ನಿಲ್ಲಿಸಿದೆ. ಒಂಬತ್ತು ತಿಂಗಳು ಕಣ್ಣು ಮುಚ್ಚಿ ಬಿಡುವುದರಲ್ಲಿ ಮುಗಿದೀತು. ಖಾಕಿಯಲ್ಲಿ ಸೆಟೆದು ನಿಂತು ಬಾಗಿಲಿಗೆ ಬಂದಾಗ ನಿನ್ನ ಮಗಳನ್ನು ಒಂದು ಗೀರೂ ಇಲ್ಲದೆ ಒಪ್ಪಿಸುತ್ತೇನೆ. ಇದು ಬೈರಪ್ಪನ ಮಾತು, ಸಭಾಸದರೆಲ್ಲ ಕೇಳಿ!

ಇಲ್ಲಿ ಬೇರೇನೂ ವಿಶೇಷವಿಲ್ಲ.

ನಿನ್ನ ಅಪ್ಪ,
ದೊಡ್ಡಬೈರಪ್ಪ

~

ಪೊಲೀಸ್ ತರಬೇತಿ ಶಾಲೆ, ಕಲಬುರಗಿ
೧೭ ಜುಲೈ ೨೦೨೩

ಅಪ್ಪ, ನಮಸ್ಕಾರ.

ನಿಮ್ಮ ಪತ್ರವನ್ನು ನಮ್ಮ ಕೋಣೆಯ ಹುಡುಗಿಯರಿಗೆಲ್ಲ ನಿಮ್ಮ ಧಾಟಿಯಲ್ಲೇ ಓದಿದೆ. ಲಾಸ್ಯಾ ಅಂತ ಒಬ್ಬಳಿದ್ದಾಳೆ, ಬಳ್ಳಾರಿಯವಳು, "ನಿಮ್ಮಪ್ಪನ್ನ ಪರೇಡಿಗೆ ಕರಸ್ರೀ, ಮೈಕ್ ಬ್ಯಾಡ" ಅಂದಳು.

ಬೆಳಿಗ್ಗೆ ಐದಕ್ಕೆ ಓಟ. ಕಾಲೆಲ್ಲ ಬೊಬ್ಬೆ. ಫೋನು ವಾರವೆಲ್ಲ ಆಫೀಸಿನಲ್ಲಿ, ಭಾನುವಾರ ಅರ್ಧ ಗಂಟೆ ಮಾತ್ರ ಕೈಗೆ. ಅಮ್ಮ ಆ ಅರ್ಧ ಗಂಟೆಯಲ್ಲಿ "ಚೆನ್ನಾಗಿದೀವಿ, ಊಟ ಆಯ್ತಾ" ಎಂಬ ಎರಡೇ ಮಾತನ್ನು ಹತ್ತು ಸಲ ಹೇಳುತ್ತಾಳೆ.

ಅಪ್ಪ, ಬೇವಿನೆಣ್ಣೆ ಬೇಡ. ಈ ವಯಸ್ಸಿನ ಮಕ್ಕಳು ಬಾಯಿಂದಲೇ ಲೋಕ ನೋಡುತ್ತಾರೆ, ಮೂರು ತುಂಬುವಷ್ಟರಲ್ಲಿ ತಾನೇ ಕಡಿಮೆಯಾಗುತ್ತೆ, ಆಗದಿದ್ದರೆ ಕರೆದುಕೊಂಡು ಬನ್ನಿ ಅಂತ ಅಂಗನವಾಡಿಗೆ ಬಂದಿದ್ದ ಡಾಕ್ಟರೇ ಹೇಳಿದ್ದರು. ಬೈಯಬೇಡಿ, ಹೊಡೆಯಬೇಡಿ. ಬಾಯಿ ಕೇಳಿದಾಗ ಒಂದು ಕ್ಯಾರೆಟ್ ತುಂಡೋ ಒದ್ದೆ ಬಟ್ಟೆಯೋ ಕೊಡಿ, ಕೈಗೆ ಬೇರೆ ಕೆಲಸ ಕೊಡಿ, ಆಗಾಗ ಕೈ ತೊಳೆಸಿ. ಮನೆಯೆಲ್ಲ ಕಹಿ ಮಾಡಿಬಿಟ್ಟರೆ ಅವಳು ಸುಮ್ಮನಾಗಲ್ಲ, ಕಹಿ ಇಲ್ಲದ್ದನ್ನು ಹುಡುಕಿಕೊಂಡು ಹೋಗ್ತಾಳೆ. ನಿಮ್ಮ ಮೊಮ್ಮಗಳು ಅವಳು.

ಇಲ್ಲಿ ಹತ್ತು ದಿನಕ್ಕಿಂತ ಹೆಚ್ಚು ಗೈರಾದರೆ ಹೆಸರು ಹೊಡೆದುಹಾಕುತ್ತಾರೆ. ಮೊದಲ ದಿನವೇ ಸಾಲಾಗಿ ನಿಲ್ಲಿಸಿ ಹೇಳಿದರು. ಈ ನೌಕರಿ ಹೋದರೆ ಇನ್ನೊಂದಿಲ್ಲ. ಅದಕ್ಕೇ ಕೇಳುತ್ತೇನೆ: ಏನಾದರೂ ಇದ್ದರೆ ಮುಚ್ಚಿಡದೆ ಬರೆಯಿರಿ.

ಮುಂದಿನ ಕೋಣೆಗೆ ಬಾಡಿಗೆಯವರು ಬಂದರಾ?

ನಿಮ್ಮ
ಪ್ರತಿಭಾ

~

ಚಾಮರಾಜಪೇಟೆ
೨೦ ಆಗಸ್ಟ್ ೨೦೨೩

ಮಗಳೇ ಪ್ರತಿಭಾ,

ಜಯಭೇರಿ ಬಾರಿಸಿ!

ನಿನ್ನ ಡಾಕ್ಟರ್ ಏನೇ ಹೇಳಲಿ, ಬೇವಿನೆಣ್ಣೆ ಗೆದ್ದಿತು. ಗೇಟು ಕಹಿ! ಸರಳು ಕಹಿ! ಲೋಟ, ಚಪ್ಪಲಿ, ಬಾಗಿಲ ಚಿಲಕ, ಮಂಚದ ಕಾಲು, ಎಲ್ಲವೂ ಕಹಿ! ಪ್ರತಿಯೊಂದಕ್ಕೂ ಒಂದೊಂದು ಸಲ ನಾಲಿಗೆ ಇಟ್ಟಳು, ಒಂದೊಂದು ಸಲ ಮುಖ ಹಿಂಡಿದಳು, ಬಿಟ್ಟಳು. ಹದಿನೈದು ದಿನದಲ್ಲಿ ಇಡೀ ಮನೆ ಶರಣಾಯಿತು. ವಾಣಿ ಮಿಸ್ಸಿನ ಸ್ಕೂಟರಿಗೂ ಒರೆಸಿದೆ. ಆಕೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲವೆಂದು ಕೂಗಾಡಿದಳು. ಕೂಗಾಡಿದಳೆಂದು ಕೈ ಆಡಿಸಿದ್ದರಿಂದ ತಿಳಿಯಿತು.

ಇನ್ನು ಎರಡನೆಯ ದೃಶ್ಯ. ನಿನಗೆ ಹೇಳಬಾರದೆಂದಿದ್ದೆ, ಆದರೆ ಎದೆ ತುಂಬಿ ಬಂದಾಗ ನಟನಾದವನು ನುಂಗಿಕೊಳ್ಳಲಾರ. ಮುಂದಿನ ಕೋಣೆಗೆ ಬಾಡಿಗೆಯವರಿಲ್ಲ. ಬಳೇಪೇಟೆಯ ನನ್ನ ವೇಷಭೂಷಣದ ಅಂಗಡಿಯನ್ನು ಓನರ್ ಬಿಡಿಸಿಕೊಂಡ, ಕಟ್ಟಡ ಕೆಡವುತ್ತಾನಂತೆ. ನೀನು ರೈಲು ಹತ್ತಿದ ಮರುದಿನವೇ ನನ್ನ ಡ್ರಾಮಾ ಪೆಟ್ಟಿಗೆಗಳೆಲ್ಲ ಮನೆಗೆ ಬಂದವು. ಕಿರೀಟ, ಭುಜಕೀರ್ತಿ, ಗದೆ, ಎದೆಹಾರ, ಹದಿನಾಲ್ಕು ಪೆಟ್ಟಿಗೆ! ನಾನು ಅವನ್ನು ಬಿಚ್ಚಿದ ದಿನದಿಂದ ನಿನ್ನ ತಾಯಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಇಪ್ಪತ್ತೇಳು ವರ್ಷದ ಹಿಂದಿನ ಹಟ ಅವಳದು, ನಿನಗೆ ಗೊತ್ತಲ್ಲ. ಇರಲಿ.

ರಾಜ್ಯೋತ್ಸವಕ್ಕೆ ಹನ್ನೊಂದು ಕಿರೀಟದ ಆರ್ಡರ್ ಬಂದಿದೆ. ಹಳೆಯ ಬಣ್ಣ ಕೆರೆದು, ನನ್ನ ಅಪ್ಪನ ಕಾಲದ ಡಬ್ಬಿಯ ಸಿಂಧೂರ ಕಲಸಿ ಕೂತಿದ್ದೆ. ಈಗಿನ ಪ್ಲಾಸ್ಟಿಕ್ ಡಬ್ಬಿಯ ಬಣ್ಣ ಒಂದು ಕಡೆ, ಆ ಸಿಂಧೂರ ಒಂದು ಕಡೆ. ನಮ್ಮ ಮನೆತನದ ಪದ್ಧತಿ ನೀನು ಕಂಡಿದ್ದೀಯೆ. ಬಣ್ಣ ಅಸಲಿಯೋ ನಕಲಿಯೋ ಎಂದು ನಾಲಿಗೆಯ ತುದಿಯಲ್ಲೇ ಹೇಳಬೇಕು. ಅಸಲಿ ಸಿಂಧೂರ ಸಿಹಿ. ಕಲಬೆರಕೆ ಒಗರು. ಕುಂಚವನ್ನು ತುಟಿಯಲ್ಲಿ ಒತ್ತಿ ಮೊನೆ ಮಾಡಿದಾಗಲೇ ನನಗೆ ಗೊತ್ತಾಗಬೇಕು. ಅಪ್ಪ ನನಗೆ ಕಲಿಸಿದ್ದು, ಅವರಿಗೆ ಅವರಪ್ಪ.

ನಿನ್ನ ಮಗಳು ಬಂದು ಪಕ್ಕದಲ್ಲಿ ಕೂತಳು. ಮುಂದೆ ಮೂರು ಚಿಪ್ಪಿನಲ್ಲಿ ಮೂರು ಕೆಂಪು ಇತ್ತು. ಒಂದಕ್ಕೆ ಬೆರಳಿಟ್ಟು ಬಾಯಿಗಿಟ್ಟಳು, ಥೂ ಎಂದಳು. ಎರಡನೆಯದು, ಥೂ! ಮೂರನೆಯದಕ್ಕೆ ಇಟ್ಟಳು ನೋಡು, ಕಣ್ಣು ಅರಳಿತು! ನನ್ನ ಮುಖ ನೋಡಿ ಏನೋ ಅಂದಳು. ತುಟಿ ಓದಿದೆ. "ಸಿಹಿ, ತಾತ!"

ಪ್ರತಿಭಾ, ಎದ್ದು ಕುಣಿದೆ! ಮೂರರಲ್ಲಿ ಅಸಲಿ ಅದೊಂದೇ! ಎಪ್ಪತ್ತೊಂದು ವರ್ಷಕ್ಕೆ ನನ್ನ ವಿದ್ಯೆಗೆ ವಾರಸುದಾರಳು ಸಿಕ್ಕಳು. ಈಗ ಬೆಳಗಾದರೆ ಆ ಕೋಣೆಯಲ್ಲೇ ಅವಳ ದರ್ಬಾರು. ಕಿರೀಟಕ್ಕೆ ಎಣ್ಣೆ ತಾಗಿದರೆ ಬೇಗಡೆಯ ತಗಡು ಎದ್ದುಬರುತ್ತದೆ, ಆದ್ದರಿಂದ ಅಲ್ಲಿಗೆ ಮಾತ್ರ ಬೇವಿನೆಣ್ಣೆ ಒಯ್ದಿಲ್ಲ.

ನಡುವೆ ಎರಡು ದಿನ ಹೊಟ್ಟೆನೋವು ಅಂದಳು. ಹಲಸಿನ ಹಣ್ಣು ತಿಂದಿದ್ದಳು, ಅದೇ. ನನ್ನ ಬಲಗೈ ಮಣಿಕಟ್ಟು ಯಾಕೋ ಸೋಲುತ್ತಿದೆ, ಎರಡು ಸಲ ಕುಂಚ ಜಾರಿ ಬಿತ್ತು. ವಯಸ್ಸು! ಗದೆ ಎತ್ತಿದ ಕೈ, ದಣಿಯಬೇಡವೇ?

ನಿನ್ನ ಅಪ್ಪ,
ದೊಡ್ಡಬೈರಪ್ಪ

~

ಕಲಬುರಗಿ
೨೮ ಆಗಸ್ಟ್ ೨೦೨೩

ಅಪ್ಪ,

ಪೆಟ್ಟಿಗೆಗಳು ಮನೆಗೆ ಬಂದಿವೆ ಅಂತ ಓದಿದಾಗ ಊಟದ ತಟ್ಟೆ ಹಾಗೇ ಬಿಟ್ಟು ಎದ್ದೆ. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಅದನ್ನೇ ಬರೆಯುತ್ತೇನೆ, ಸಿಟ್ಟಾಗಬೇಡಿ.

ವೇಣು ಹೋದಾಗ ನನಗೆ ಏಳು ವರ್ಷ, ಅವನಿಗೆ ನಾಲ್ಕು. ಆಗ ಪೆಟ್ಟಿಗೆಗಳು ಮನೆಯಲ್ಲೇ ಇದ್ದವು, ಅದೇ ಮುಂದಿನ ಕೋಣೆಯಲ್ಲಿ. ತಮ್ಮನ ಮುಖ ನನಗೆ ಮರೆತುಹೋಗಿದೆ. ನೆನಪಿರುವುದು ತುಟಿ ಮಾತ್ರ. ಯಾವಾಗಲೂ ಕೆಂಪಗಿರುತ್ತಿತ್ತು, ಅಮ್ಮ ಸೆರಗಿನಲ್ಲಿ ಒರೆಸುತ್ತಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಆತು ಕೂರುತ್ತಿದ್ದ. ಆಮೇಲೆ ಫಿಟ್ಸ್. ಅವನು ತೀರಿಕೊಂಡ ಮೂರನೇ ದಿನ ಅಮ್ಮ ಪೆಟ್ಟಿಗೆಗಳನ್ನೆಲ್ಲ ಬೀದಿಗೆ ಎಳೆದು ಹಾಕಿದಳು, ನೀವು ಬಳೇಪೇಟೆಯಲ್ಲಿ ಅಂಗಡಿ ಹಿಡಿದಿರಿ. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಡಾಕ್ಟರು ವೇಣುಗೆ ಏನಾಗಿತ್ತು ಅಂದಿದ್ದರು?

ಗಗನಾಳನ್ನು ಆ ಕೋಣೆಗೆ ಬಿಡಬೇಡಿ. ಬೀಗ ಹಾಕಿ. ಅವಳಿಗೆ ಯಾವ ವಿದ್ಯೆಯೂ ಬೇಡ.

ಪ್ರತಿಭಾ

~

ಕಲಬುರಗಿ
೧೪ ಸೆಪ್ಟೆಂಬರ್ ೨೦೨೩

ಅಪ್ಪ, ಹದಿನೇಳು ದಿನವಾಯಿತು. ಉತ್ತರವಿಲ್ಲ. ಭಾನುವಾರ ಅಮ್ಮ "ಚೆನ್ನಾಗಿದೀವಿ" ಅಂದಳು. ಮಗುವನ್ನು ಮಾತಾಡಿಸು ಅಂದೆ. ಉಸಿರು ಮಾತ್ರ ಕೇಳಿಸಿತು. ಮೊದಲು "ಅಮ್ಮಾ ಬಾ, ಅಮ್ಮಾ ಬಾ" ಅನ್ನುತ್ತಿದ್ದಳು.

ಪ್ರತಿಭಾ

~

ಚಾಮರಾಜಪೇಟೆ
೨೪ ಸೆಪ್ಟೆಂಬರ್ ೨೦೨೩

ಪ್ರತಿಭಾ,

ವೇಣುಗೋಪಾಲನ ಹೆಸರನ್ನು ಕಾಗದದ ಮೇಲೆ ಬರೆಯಬೇಡ. ಸತ್ತ ಮಗನ ಮುಂದೆ ಅಪ್ಪನನ್ನು ಕಟಕಟೆಗೆ ನಿಲ್ಲಿಸಲು ಪೊಲೀಸ್ ಟ್ರೇನಿಂಗ್ ಕಲಿಸುತ್ತದೆಯೇ? ಅದು ವಿಧಿ. ಸಣ್ಣ ವಯಸ್ಸು, ಜ್ವರ ನೆತ್ತಿಗೇರಿತು, ಹೋದ. ಮುಗಿಯಿತು.

ಕೋಣೆಗೆ ಬೀಗ ಹಾಕಿದ್ದೇನೆ. ಸಮಾಧಾನವಾಯಿತೇ?

ಮಗು ಫೋನಿನಲ್ಲಿ ಮಾತಾಡದಿದ್ದರೆ ನಿನ್ನ ಮೇಲಿನ ಮುನಿಸು. ಹೆತ್ತವಳು ಬಿಟ್ಟುಹೋದರೆ ಮಕ್ಕಳು ಮುನಿಯುವುದಿಲ್ಲವೇ? ನೀನು ಓಡು, ಪರೇಡ್ ಮಾಡು, ಪಾಸಾಗು.

ಅಕ್ಷರ ಸೊಟ್ಟಗಿದೆ ಎಂದು ಬರೆಯಬೇಡ. ಪೆನ್ನು ಸರಿಯಿಲ್ಲ.

ದೊಡ್ಡಬೈರಪ್ಪ

~

ಚಾಮರಾಜಪೇಟೆ
೮ ಅಕ್ಟೋಬರ್ ೨೦೨೩

ಮಗಳು ಪ್ರತಿಭಾಗೆ ನಿಮ್ಮಮ್ಮ ಪಿಳ್ಳಮ್ಮ ಹೇಳೋದು. ನಾನು ಹೇಳ್ತಿದೀನಿ, ವಾಣಿ ಮಿಸ್ ಬರ್ಕೊಳ್ತಿದಾರೆ. ನಿಮ್ಮಪ್ಪ ಅಕ್ಕಿಪೇಟೆಗೆ ಹೋಗವ್ರೆ, ಬರೋಷ್ಟರಲ್ಲಿ ಮುಗಿಸ್ಬೇಕು.

ಕೋಣೆಗೆ ಬೀಗ ಹಾಕಿಲ್ಲ ಕಣೇ. ಬೀಗ ಹಾಕ್ದೆ ಅಂತ ನಿಮ್ಮಪ್ಪ ನಿಂಗೆ ಬರ್ದವ್ರೆ ಅಂತ, ನೀನು ಮಿಸ್ಸಿಗೆ ಬರ್ದ ಕಾಗದ ಅವರು ಓದಿ ಹೇಳ್ದಾಗ ಗೊತ್ತಾಯ್ತು. ಎರಡು ದಿನ ಹಾಕಿದ್ರು, ದಿಟ. ಮಗೀಗೆ ಬಾಗಿಲಿಗೆ ತಲೆ ಚಚ್ಕೊಳ್ಳೋಷ್ಟು ಸಿಟ್ಟು ಬಂತು. "ನೋಡೇ, ವಿದ್ಯೆ ಕರೀತಾ ಅದೆ" ಅಂತ ತೆಗೆದುಬಿಟ್ರು. ಈಗ ದಿನಾ ಅವರ ಮೇಜಿನ ಕೆಳಗೇ ಕೂತಿರ್ತದೆ. ಕೆರೆದ ಹಳೇ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿರ್ತದಲ್ಲ, ಅದನ್ನ ಬೆರಳಿಗೆ ಅಂಟಿಸ್ಕೊಂಡು ಬಾಯಿಗಿಡ್ತದೆ. ಮನೇಲಿರೋದೆಲ್ಲ ಕಹಿ ಮಾಡಿಟ್ಟವ್ರೆ ನಿಮ್ಮಪ್ಪ. ಅದೊಂದೇ ಸಿಹಿ. ಎಲ್ಲೋಗ್ತದೆ ಮಗೀನ ನಾಲ್ಗೆ?

ಊಟ ಸೇರಲ್ಲ. ವಾಂತಿ. ಹೊರಕಡೆ ಹೋಗಿ ಐದು ದಿನ ಆಯ್ತು. ಮೊಕ ಬೆಳ್ಳಗೆ ಬೂದಿ ಹಂಗಾಗದೆ. ನಾಯಿ ಕಂಡ್ರೆ ಬೌ ಬೌ ಅಂತಿತ್ತು, ಅನ್ನಲ್ಲ. ಅಜ್ಜಿ ಅನ್ನಲ್ಲ. ಇದ್ದ ಮಾತೆಲ್ಲ ಒಂದೊಂದಾಗಿ ಹೋಗ್ತಾ ಅವೆ. ಗೋಡೆಗೆ ಒರಗಿ ಹೊಟ್ಟೆ ಹಿಡ್ಕೊಂಡು ಕೂರ್ತದೆ.

ಹಂಗೇ ಕೂರ್ತಿದ್ದ ನನ್ ಮಗ.

ಭಾನುವಾರ ನೀನು "ಮಗು ಹೇಗಿದೆ" ಅಂದಾಗ ಬಾಯಿಗೆ ಚೆನ್ನಾಗದೆ ಅಂತಲೇ ಬರ್ತದೆ. ಕೆಲ್ಸ ಬಿಟ್ಟು ಓಡ್ಬಂದ್ಬಿಡ್ತೀಯ ಅಂತ ಭಯ. ಗಂಡ ಹೋದ, ಇದೂ ಹೋದ್ರೆ ನಿಂಗೇನಿದೆ ಅಂತ. ಆದ್ರೆ ನಿನ್ನೆ ಮಗು ನನ್ನನ್ನ ನೋಡಿ ಗುರುತಿಲ್ಲದವಳ ಹಂಗೆ ಮೊಕ ತಿರುಗಿಸ್ತು. ಅದಕ್ಕೇ ಹೇಳ್ತಿದೀನಿ. ತಪ್ಪಾಯ್ತು ಕಣವ್ವ.

ಪಿಳ್ಳಮ್ಮ (ಹೆಬ್ಬೆಟ್ಟು)

ಪ್ರತಿಭಾ, ಇನ್ನು ಮುಂದಿನದು ನನ್ನ ಮಾತು, ವಾಣಿಯದು. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು, ಡಾಕ್ಟರಲ್ಲ. ಆದರೆ ಹಳೆಯ ಸಿಂಧೂರ ಅಂದರೆ ಸೀಸ, ಹಳೆಯ ಸಫೇದ, ಅಂದರೆ ಬಿಳಿ ಬಣ್ಣವೂ ಸೀಸವೇ. ಸೀಸದ ರುಚಿ ಸಿಹಿ. ಮಕ್ಕಳ ಮೈಗೆ ಅದು ವಿಷ, ಮೆದುಳಿಗೆ ಹತ್ತುತ್ತೆ. ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತೆ. ನಾನು ಅಂಕಲ್‌ಗೆ ಕಿವಿಯಲ್ಲಿ ಕೂಗಿ ಹೇಳಿದೆ. "ನನ್ನ ನಾಲಿಗೆ ನೋಡಮ್ಮ, ಅರವತ್ತು ವರ್ಷದಿಂದ ತಿಂತಿದೀನಿ, ಸತ್ತಿದೀನಾ?" ಅಂತ ನಾಲಿಗೆ ಚಾಚಿ ತೋರಿಸಿದರು. ಆಗ ಕಂಡಿತು. ಅವರ ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ಕಾಡಿಗೆ ಎಳೆದ ಹಾಗೆ ನೀಲಿ ಗೆರೆ ಇದೆ. ಮಗುವನ್ನು ಆಸ್ಪತ್ರೆಗೆ ಒಯ್ಯಲು ನಿಮ್ಮ ಒಂದು ಮಾತು ಬೇಕು. ಕೂಡಲೇ ಫೋನ್ ಮಾಡಿ.

~

ಕಲಬುರಗಿ
೧೨ ಅಕ್ಟೋಬರ್ ೨೦೨೩

ಅಪ್ಪ,

ನಿನ್ನೆ ಸಂಜೆ ಅಮ್ಮನ ಪತ್ರ ಬಂತು. ಇನ್‌ಸ್ಪೆಕ್ಟರ್ ಮೇಡಂ ಮುಂದೆ ನಿಂತು ಐದು ನಿಮಿಷ ಫೋನ್ ಕೇಳಿ ತೆಗೆದುಕೊಂಡೆ. ವಾಣಿಯವರಿಗೆ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಅವರೂ ಅಮ್ಮನೂ ಗಗನಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾರೆ. ಈ ಪತ್ರ ನಿಮ್ಮ ಕೈಗೆ ಬರುವಷ್ಟರಲ್ಲಿ ಏನಾಗಿದೆಯೋ ನಿಮಗೆ ಗೊತ್ತಿರುತ್ತದೆ. ಆದರೂ ಬರೆಯುತ್ತೇನೆ. ನಿಮಗೆ ಕೂಗಿ ಹೇಳಿದರೂ ಕೇಳದು, ಓದಿದರೆ ತಪ್ಪಿಸಿಕೊಳ್ಳಲಾಗದು.

ಒಂದು. ಆ ಕೋಣೆಗೆ ಯಾರೂ ಹೋಗಕೂಡದು, ನೀವೂ.

ಎರಡು. ಬೇವಿನೆಣ್ಣೆ ಒರೆಸಿದ ಒಂದೊಂದನ್ನೂ ಸೋಪು ಹಾಕಿ ತೊಳೆಯಿರಿ. ಗೇಟು ನೆಕ್ಕಿಕೊಳ್ಳಲಿ. ಸರಳು ನೆಕ್ಕಿಕೊಳ್ಳಲಿ. ಅವರಪ್ಪನ ಫೋಟೋ ನೆಕ್ಕಿಕೊಳ್ಳಲಿ.

ಮೂರು. ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯಿರಿ. ಒಸಡು ನೋಡಿಕೊಳ್ಳಿ. ನಲವತ್ತು ವರ್ಷ ಬಣ್ಣದ ಕನ್ನಡಿಯ ಮುಂದೆ ಕೂತವರು ನೀವು, ಇದೊಂದನ್ನು ನೋಡಲಿಲ್ಲವಲ್ಲ.

ಶನಿವಾರ ರಾತ್ರಿಯ ರೈಲಿಗೆ ಹೊರಡುತ್ತೇನೆ. ಒಂಬತ್ತು ದಿನ ರಜೆ ಸಿಕ್ಕಿದೆ. ಹತ್ತನೇ ದಿನದೊಳಗೆ ಮಗು ಕಣ್ಣರಳಿಸಿ ನನ್ನನ್ನು ಗುರುತಿಸಿದರೆ ವಾಪಸ್ ಬರುತ್ತೇನೆ. ಇಲ್ಲವಾದರೆ ಈ ಖಾಕಿ ಯಾರಿಗೆ ಬೇಕು?

ವೇಣು ವಿಷಯ ನಾನು ಕೇಳಿದ್ದಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಪ್ರತಿಭಾ

~

ಚಾಮರಾಜಪೇಟೆ
೧೯ ನವೆಂಬರ್ ೨೦೨೩

ಪ್ರತಿಭಾ,

ಇದು ನಾಲ್ಕು ದಿನದಿಂದ ಬರೆಯುತ್ತಿರುವ ಪತ್ರ. ಎಡಗೈಯಲ್ಲಿ ಬಲಗೈಯನ್ನು ಹಿಡಿದು ಬರೆಯುತ್ತೇನೆ. ನಿಧಾನ.

ನೀನು ಇದ್ದ ಒಂಬತ್ತು ದಿನವೂ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದೆ. ಒಂದು ಬಿರುನುಡಿ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಂಟನೆಯ ದಿನ ಮಗು ನಿನ್ನ ಕೊರಳಪಟ್ಟಿ ಹಿಡಿದು ಎದೆಗೆ ಮುಖ ಒತ್ತಿತು, ನೀನು ಮರುದಿನ ರೈಲು ಹತ್ತಿದೆ. ರೈಲು ಹೊರಟಾಗ ನೀನು ಏನೋ ಕೇಳಿದೆ. ನಿನ್ನ ತುಟಿ ನಾನು ಓದಿದೆ. ಕೇಳಿಸಲಿಲ್ಲವೆಂಬಂತೆ ಕೈ ಬೀಸಿದೆ. ಅದು ನಟನೆ. ಅದಕ್ಕೆ ಉತ್ತರ ಈಗ ಬರೆಯುತ್ತೇನೆ.

ನೀನು ಬರುವ ಮುಂಚಿನ ದಿನ ಡಾಕ್ಟರ್ ರಿಪೋರ್ಟ್ ಹಿಡಿದು ಬಂದಳು. ಚಿಕ್ಕ ವಯಸ್ಸಿನವಳು. ನನಗೆ ಕೇಳುವುದಿಲ್ಲವೆಂದು ತಿಳಿದು ಚೀಟಿಯಲ್ಲಿ ಬರೆದು ತೋರಿಸಿದಳು. ಮಗುವಿನ ರಕ್ತದಲ್ಲಿ ಸೀಸ ಐದರೊಳಗೆ ಇರಬೇಕು, ಅರವತ್ತೆರಡು ಇದೆ ಎಂದು. ಮೈಯಿಂದ ಅದನ್ನು ಇಳಿಸುವ ಔಷಧ ಕೊಡುತ್ತೇವೆ ಎಂದು. ಇಳಿಯುತ್ತದೆ, ಆದರೆ ತಲೆಯೊಳಗೆ ಎಷ್ಟು ಕೆಡಿಸಿದೆಯೋ ಈಗಲೇ ಹೇಳಲಾಗದು ಎಂದು. ನನ್ನ ರಕ್ತವನ್ನೂ ತೆಗೆದಿದ್ದರು. ನನ್ನದು ನನ್ನ ವಯಸ್ಸಿಗಿಂತ ಎಂಟು ಜಾಸ್ತಿ. ಆಮೇಲೆ ಇನ್ನೊಂದು ಚೀಟಿ ಬರೆದಳು. "ಮನೆಯಲ್ಲಿ ಬೇರೆ ಮಕ್ಕಳಿದ್ದಾರಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ನಿನ್ನ ತಾಯಿ ಓದು ಬಾರದವಳು. ವಾಣಿ ಅವಳ ಕಿವಿಯಲ್ಲಿ ಪ್ರಶ್ನೆ ಹೇಳಿದಳು. ನಿನ್ನ ತಾಯಿ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ತುಟಿ ಒಂದೇ ಸಲ ಅಲ್ಲಾಡಿತು. "ಇದ್ದ."

ವೇಣುವಿಗೆ ಏನಾಗಿತ್ತೆಂದು ಡಾಕ್ಟರು ಹೇಳಿದ್ದರು ಎಂದು ನೀನು ಕೇಳಿದ್ದೆ. ಡಾಕ್ಟರು ಹೇಳಲಿಲ್ಲ. ಕೇಳಿದರು. ತೊಂಬತ್ತಾರನೆಯ ಇಸವಿ, ಮಗುವಿಗೆ ಫಿಟ್ಸ್ ಬಂದು ಆಸ್ಪತ್ರೆಯಲ್ಲಿ ಮಲಗಿಸಿದ್ದ ರಾತ್ರಿ. ವಯಸ್ಸಾದ ಡಾಕ್ಟರು, ಕನ್ನಡಕ ಮೂಗಿನ ಮೇಲೆ ಜಾರಿತ್ತು. ಮಗುವಿನ ತುಟಿ ಮುಟ್ಟಿ ನೋಡಿ, "ಬಣ್ಣಗಿಣ್ಣ ಏನಾದ್ರೂ ಬಾಯಿಗೆ ಹಾಕ್ಕೊಳ್ತಿತ್ತೇನ್ರೀ?" ಎಂದರು. ಆಗ ನನಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಅವನೂ ಮೂರು ಚಿಪ್ಪಿನಲ್ಲಿ ಅಸಲಿಯನ್ನು ಆರಿಸಿದ್ದ, ಪ್ರತಿಭಾ. ಅವನಿಗೂ ಮೂರು ತುಂಬಿರಲಿಲ್ಲ. ಸಿಹಿ ಅಪ್ಪ ಎಂದಿದ್ದ. ನಾನೇ ಇನ್ನೊಂದು ಬೆರಳು ಅದ್ದಿ ಅವನ ನಾಲಿಗೆಗೆ ಸವರಿದ್ದೆ, ಬಹುಮಾನದ ಹಾಗೆ. ಒಂದು ದಿನವಲ್ಲ. ದಿನಾ.

ಅದನ್ನು ಡಾಕ್ಟರಿಗೆ ಹೇಳಬೇಕಿತ್ತು. ಮರುವಾರ ತುಮಕೂರಿನಲ್ಲಿ ನಾಟಕವಿತ್ತು, ನನ್ನದು ರಾಜಪಾತ್ರ. ವಾರ್ಡಿನಲ್ಲಿ ಹತ್ತು ಜನ ನೋಡುತ್ತಿದ್ದರು. ಎದೆ ಸೆಟೆದು ನಿಂತು ಹೇಳಿದೆ: "ಸ್ವಾಮೀ, ಬಣ್ಣ ನಮ್ಮ ಮನೆಯ ಅನ್ನ! ಮೂರು ತಲೆಮಾರು ನಾಲಿಗೆಯ ಮೇಲಿಟ್ಟು ಬಾಳಿದ ವಂಶ ನಮ್ಮದು! ನನ್ನ ಮಗನಿಗೆ ಬಣ್ಣದಿಂದ ಕೇಡಾಯಿತು ಎನ್ನಲು ನಿಮಗೆಷ್ಟು ಧೈರ್ಯ!" ಡಾಕ್ಟರು ಕನ್ನಡಕ ಮೇಲೆ ಸರಿಸಿ, ಪಕ್ಕದ ಮಂಚಕ್ಕೆ ಹೋದರು. ಮತ್ತೆ ಕೇಳಲಿಲ್ಲ.

ಸಾವಿರಾರು ಮಾತು ರಂಗದ ಮೇಲೆ ಆಡಿದ್ದೇನೆ. ಅಷ್ಟು ಚೆನ್ನಾಗಿ ಯಾವುದನ್ನೂ ಆಡಿರಲಿಲ್ಲ.

ಎರಡು ದಿನಕ್ಕೆ ಅವನು ಹೋದ. ನಿನ್ನ ತಾಯಿ ಆ ರಾತ್ರಿ ಮಂಚದ ಬುಡದಲ್ಲಿ ಕೂತಿದ್ದಳು, ನಾನು ಆಡಿದ್ದನ್ನೆಲ್ಲ ಕೇಳಿದ್ದಳು. ಇಪ್ಪತ್ತೇಳು ವರ್ಷ ಒಂದು ಮಾತೂ ಎತ್ತದೆ ನನಗೆ ಅನ್ನ ಬಡಿಸಿದಳು.

ಈಗಿನ ಸಂಗತಿ. ನಾವು ಮೂವರೂ ಮಹಡಿಯ ಮೇಲೆ ವಾಣಿಯ ಮನೆಯಲ್ಲಿದ್ದೇವೆ. ಕೆಳಗಿನ ಧೂಳು ಒರೆಸಿ ತೆಗೆಯುವ ತನಕ ಮಗು ಇಳಿಯಕೂಡದೆಂದು ಡಾಕ್ಟರ್ ಹೇಳಿದ್ದಾಳೆ. ಪೆಟ್ಟಿಗೆ ಸುಟ್ಟುಬಿಡುತ್ತೇನೆ ಎಂದೆ. ಹೊಗೆಯೂ ವಿಷವೇ ಎಂದು ಬರೆದು ತೋರಿಸಿದಳು. ಯಾರಿಗಾದರೂ ಕೊಡೋಣವೆಂದರೆ ಅವರ ಮನೆಯಲ್ಲೂ ಮಕ್ಕಳಿರುತ್ತವೆ. ಹದಿನಾಲ್ಕು ಪೆಟ್ಟಿಗೆಗೂ ಪ್ಲಾಸ್ಟಿಕ್ ಸುತ್ತಿ ಅಂಟಿಸಿ ಇಟ್ಟಿದೆ, ಇಂಥ ವಸ್ತು ಒಯ್ಯುವವರನ್ನು ವಾಣಿ ಹುಡುಕಿದ್ದಾಳೆ, ಬುಧವಾರ ಬರುತ್ತಾರೆ. ರಾಜ್ಯೋತ್ಸವದವರು ಬಂದು ಬಾಗಿಲಲ್ಲಿ ಕೂಗಾಡಿ ಹೋದರು. ಕಿವುಡನಾಗಿದ್ದು ಸುಖವೆನಿಸದಿದ್ದುದು ಇದೇ ಮೊದಲ ಸಲ.

ನಿನ್ನ ಎರಡನೆಯ ಆಜ್ಞೆಯಂತೆ ಗೇಟು, ಸರಳು, ಫೋಟೋ, ಎಲ್ಲ ತೊಳೆದಿದ್ದೇನೆ. ಮೂರು ಸಲ ತೊಳೆದರೂ ಕಹಿ ಪೂರ್ತಿ ಹೋಗಿಲ್ಲ. ನಾನೇ ನಾಲಿಗೆ ಇಟ್ಟು ನೋಡಿದೆ.

ಮಗುವಿಗೆ ಎರಡನೆಯ ಸುತ್ತಿನ ಔಷಧ ಮುಗಿದಿದೆ. ಅಂಕೆ ಇಪ್ಪತ್ತೆಂಟಕ್ಕೆ ಇಳಿದಿದೆ. ಮುದ್ದೆ ಎರಡು ತುತ್ತು ನುಂಗುತ್ತದೆ. ಇದನ್ನೆಲ್ಲ ವಾಣಿ ನಿನಗೆ ಭಾನುವಾರ ಹೇಳಿರುತ್ತಾಳೆ. ಮಾತು ಬಂತೆಂದೂ ಹೇಳಿರುತ್ತಾಳೆ. ಆರು ವಾರದಲ್ಲಿ ಮೊದಲ ಮಾತು. ನಿನ್ನ ತಾಯಿ ಓಡಿಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಯಾವ ಮಾತೆಂದು ನಿನಗೆ ಹೇಳಬಾರದೆಂದು ವಾಣಿಗೆ ಕೈಮುಗಿದು ಕೇಳಿಕೊಂಡಿದ್ದೆ. ಮುಚ್ಚಿಡದೆ ಬರೆಯಿರಿ ಎಂದು ಜುಲೈಯಲ್ಲೇ ಬರೆದಿದ್ದೆ ನೀನು. ಆದ್ದರಿಂದ ಬರೆಯುತ್ತೇನೆ.

ಗುರುವಾರ ಮಧ್ಯಾಹ್ನ ನನ್ನ ಮಡಿಲಲ್ಲಿತ್ತು. ನನ್ನ ಬಲಗೈಯನ್ನು ಎರಡು ಕೈಯಲ್ಲಿ ಎತ್ತಿಕೊಂಡಿತು, ಈ ಕೈ ಈಗ ತಾನಾಗಿ ಏಳುವುದಿಲ್ಲ. ಒಂದೊಂದೇ ಬೆರಳು ಬಿಡಿಸಿ ನೋಡಿತು. ಸೋಪಿನಲ್ಲಿ ತಿಕ್ಕಿ ತಿಕ್ಕಿ ಉಗುರಿನ ಸಂದಿಯಲ್ಲಿ ಕೆಂಪಿನ ಕುರುಹೂ ಉಳಿದಿಲ್ಲ. ತೋರುಬೆರಳನ್ನು ಬಾಯಿಗಿಟ್ಟುಕೊಂಡಿತು. ಏನನ್ನೋ ಹುಡುಕುವ ಹಾಗೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ತೆಗೆದು ನನ್ನ ಮುಖ ನೋಡಿತು.

ನನಗೆ ಕೇಳಿಸಲಿಲ್ಲ. ತುಟಿ ನೋಡಿದೆ.

"ಸಿಹಿ?"

ಅಪ್ಪ